ಹೋಗಿ ಬರುವ ಹಾಡು

ನನ್ನ ಮಗಳಿಗೆ ಇದ್ದದ್ದು ಒಂದೇ ಒಂದು ಮಾತು. ಅದನ್ನು ಅವಳ ಬಾಯಿಂದ ಹೊರಡಿಸಲು ಬಸವೇಶ್ವರನಗರದ ಒಂದು ಮಹಡಿ ಕೋಣೆಯಲ್ಲಿ ಸಂಗೀತದ ಟೀಚರೊಬ್ಬರು ವರ್ಷಕ್ಕೂ ಮಿಕ್ಕಿ ಹಾಡಿದ್ದರು. ನಮ್ಮ ಮನೆಯ ಬಾಗಿಲಲ್ಲಿ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಹೇಗೆ ಹೋಯಿತು ಎಂದು ಬರೆಯಲು ಕೂತಾಗ ನನಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟಿತ್ತು. ಬರೆಯುತ್ತ ಬರೆಯುತ್ತ ಆ ಸಿಟ್ಟು ಯಾರ ಮೇಲೆ ಎಂಬುದೇ ಗೊತ್ತಾಗದೆ ಹೋಗಿದೆ.

ಮಗಳಿಗೆ ಆಟಿಸಂ. ಈಗ ಹನ್ನೊಂದು ತುಂಬಿದೆ. ಹಸಿವಾದರೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ಯುತ್ತಾಳೆ, ಬೇಡವಾದದ್ದನ್ನು ತಳ್ಳುತ್ತಾಳೆ, ಖುಷಿಯಾದರೆ ಮೂಗಿನಲ್ಲೇ ಒಂದು ರಾಗ ಎಳೆಯುತ್ತ ನಡುಮನೆಯ ಉದ್ದಕ್ಕೂ ತುದಿಗಾಲಲ್ಲಿ ಓಡಾಡುತ್ತಾಳೆ. ಆ ರಾಗ ಕೇಳಿಯೇ ಅವಳ ಸ್ಪೆಷಲ್ ಸ್ಕೂಲಿನವರು ಮ್ಯೂಸಿಕ್ ಥೆರಪಿಗೆ ಹಾಕಿ ನೋಡಿ ಎಂದರು. ಹಾಕಿದ್ದೇ ತಡ, ಚಂದ್ರಾ ಲೇಔಟಿನ ನಮ್ಮ ರಸ್ತೆಯಲ್ಲಿ ಎಲ್ಲರೂ ಪಂಡಿತರಾದರು. ಯಾವ ರಾಗಕ್ಕೆ ಯಾವ ಕಾಯಿಲೆ ಹೋಗುತ್ತದೆ ಎಂಬ ವಿಡಿಯೊಗಳು ನನ್ನ ಫೋನಿಗೆ ಬಂದು ಬೀಳತೊಡಗಿದವು. ಎದುರು ಮನೆಯಾಕೆ, ದಿನಾ ಬೆಳಗ್ಗೆ ವೀಣೆ ಹಾಕಿಡಿ, ಆರು ತಿಂಗಳಲ್ಲಿ ಮಾತು ಬರದಿದ್ದರೆ ನನ್ನನ್ನು ಕೇಳಿ ಎಂದರು. ಆರು ತಿಂಗಳಾದ ಮೇಲೆ ನಾನೂ ಕೇಳಲಿಲ್ಲ, ಅವರೂ ಆ ವಿಷಯ ಎತ್ತಲಿಲ್ಲ. ಸಂಗೀತವೆಂದರೆ ಕಷಾಯ, ಕುಡಿಸಿದರೆ ಸಾಕು ಎಂದುಕೊಂಡವರೇ ಹೆಚ್ಚು.

ಆ ಕೋಣೆಯಲ್ಲಿ ನಡೆಯುತ್ತಿದ್ದದ್ದು ಬೇರೆಯೇ. ಕೆಳಗೆ ಕಾಂಡಿಮೆಂಟ್ಸ್ ಅಂಗಡಿ, ಪಕ್ಕದಲ್ಲಿ ಟೈಲರ್, ಮೇಲೆ ಚಾಪೆ ಹಾಸಿದ ಒಂದು ಕೋಣೆ. ಒಂದು ಕೀಬೋರ್ಡು, ಒಂದು ಡೋಲು, ಒಂದು ಕಟ್ಟು ಗೆಜ್ಜೆ. ಟೀಚರಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಅವರು ಮಗುವಿಗೆ ಹಾಡು ಕಲಿಸುತ್ತಿರಲಿಲ್ಲ. ಮಗು ಮೂಗಿನಲ್ಲಿ ಎಳೆದ ರಾಗವನ್ನೇ ಹಿಡಿದು ವಾಪಸು ಹಾಡುತ್ತಿದ್ದರು. ಅವಳು ಡೋಲಿಗೆ ಒಂದು ಪೆಟ್ಟು ಕೊಟ್ಟರೆ ಇವರೂ ಒಂದು ಪೆಟ್ಟು. ಅವಳು ನಿಲ್ಲಿಸಿದರೆ ಇವರೂ ನಿಲ್ಲಿಸಿ ಕಾಯುವುದು. ಮೊದಲ ಸಲ ಒಳಗೆ ಕೂತು ನೋಡಿದಾಗ ನನಗೆ ತಲೆ ಚಿಟ್ಟು ಹಿಡಿಯಿತು. ಕೊನೆಯ ಹಾಡಿನಲ್ಲಂತೂ ಕೊನೆಯ ಪದವನ್ನು ಬಿಟ್ಟು, ಮಗುವಿನ ಮುಖ ನೋಡುತ್ತ ಸುಮ್ಮನೆ ಕೂತುಬಿಟ್ಟರು. ಆ ಪದವನ್ನು ನಾನೇ ಹೇಳಿ ಮುಗಿಸಿಬಿಡೋಣ ಎಂದು ನನ್ನ ನಾಲಿಗೆ ತುರಿಸುತ್ತಿತ್ತು.

ಅದು ಕ್ಲಾಸು ಮುಗಿಸುವ ಹಾಡು. ಇಂಥ ಮಕ್ಕಳಿಗೆ ಏನೇ ಆಗಲಿ, ಮುಗಿಯುವುದೇ ದೊಡ್ಡ ಕಷ್ಟ. ಮುಗಿದದ್ದು ಮತ್ತೆ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ತಾನಾಗಿ ಹುಟ್ಟುವುದಿಲ್ಲ, ಕೂತು ಹುಟ್ಟಿಸಬೇಕು. ಅದಕ್ಕೇ ಪ್ರತಿ ವಾರವೂ ಕೊನೆಗೆ ಅದೇ ಹಾಡು, ಅದೇ ಶ್ರುತಿ, ಅದೇ ಕ್ರಮ. 'ಡೋಲು ಮಲಗಿತು, ಗೆಜ್ಜೆ ಮಲಗಿತು, ಹೋಗಿ, ಹೋಗಿ, ಹೋಗಿ' ಎಂದು ಹಾಡಿ ಟೀಚರ್ ನಿಲ್ಲಿಸುತ್ತಿದ್ದರು. ಮಗು 'ಬರ್ತೀನಿ' ಎನ್ನಬೇಕು. ಅನ್ನದಿದ್ದರೆ ಸ್ವಲ್ಪ ಹೊತ್ತು ಕಾದು, ಆ ಪದದ ಜಾಗವನ್ನು ಖಾಲಿ ಬಿಟ್ಟೇ ಬಾಗಿಲು ತೆರೆಯುತ್ತಿದ್ದರು.

ಮಗಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದವರು ನಮ್ಮ ಮಾವ, ನನ್ನ ಗಂಡನ ತಂದೆ. ನಾನು ವಿಧಾನಸೌಧದ ಹತ್ತಿರ ಒಂದು ಕಚೇರಿಯಲ್ಲಿ ಕೆಲಸ ಮಾಡುವವಳು, ಗಂಡ ಪೀಣ್ಯದಲ್ಲಿ. ಮಂಗಳವಾರ ಮಧ್ಯಾಹ್ನ ಬಿಡುವಿದ್ದವರು ಮನೆಯಲ್ಲಿ ಅವರೊಬ್ಬರೇ. ಬಿನ್ನಿಪೇಟೆಯ ಮಿಲ್ಲಿನಲ್ಲಿ, ಮಗ್ಗಗಳ ನಡುವೆ ದುಡಿದವರು. ಆ ಸದ್ದಿಗೆ ಕಿವಿ ಅರ್ಧಕ್ಕರ್ಧ ಹೋಗಿತ್ತು, ಹತ್ತಿಯ ಧೂಳಿಗೆ ಎದೆಯೂ ಅಷ್ಟಕ್ಕಷ್ಟೇ. ಕಿವುಡರನ್ನು ಸಂಗೀತದ ಕ್ಲಾಸಿಗೆ ಕಾವಲು ಹಾಕಿದ್ದೀವಿ ಎಂದು ನಾವು ರೇಗಿಸಿದರೆ ಅವರು ನಗುತ್ತಿದ್ದರು. "ನಂಗೆ ಕೇಳ್ಸಲ್ಲ, ಅವಳು ಮಾತಾಡಲ್ಲ, ನಮ್ಮಿಬ್ರಿಗೂ ಜಗಳಾನೇ ಇಲ್ಲ" ಎನ್ನುತ್ತಿದ್ದರು. ಅವಳು ಒಳಗೆ, ಅವರು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಮುಗಿದ ಮೇಲೆ ಕೆಳಗಿನ ಅಂಗಡಿಯಲ್ಲಿ ಇಬ್ಬರೂ ಒಂದೊಂದು ಕೋಡುಬಳೆ ತಿಂದುಕೊಂಡು ಆಟೋ ಹತ್ತುತ್ತಿದ್ದರು.

ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಹೋಗಿ ಬರ್ತೀನಿ' ಅನ್ನಬೇಕು ಎಂಬುದನ್ನು ನಾವೆಲ್ಲ ಅಷ್ಟಿಷ್ಟು ಪಾಲಿಸುತ್ತೇವೆ. ಮಾವನಿಗೆ ಅದು ಅಷ್ಟಿಷ್ಟರ ವಿಷಯವಲ್ಲ. ನಾನು ಮೆಟ್ರೋ ತಪ್ಪೀತೆಂಬ ಗಡಿಬಿಡಿಯಲ್ಲಿ 'ಹೊರಟೆ ಮಾವ' ಎಂದುಬಿಟ್ಟರೆ, ವಾಪಸು ಒಳಗೆ ಕರೆಸಿ, ಕೂರಿಸಿ, ಒಂದು ಲೋಟ ನೀರು ಕುಡಿಸಿ, ಮತ್ತೆ ಸರಿಯಾಗಿ ಹೇಳಿಸಿ ಕಳಿಸುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನಿಗೂ ಈ ಪಾಠ ತಪ್ಪಿದ್ದಲ್ಲ. ಮೊದಲ ದಿನ ಟೀಚರ್, ನಿಮ್ಮ ಮನೆಯಲ್ಲಿ ಹೊರಡುವಾಗ ಏನು ಹೇಳುತ್ತೀರಿ ಎಂದು ವಿಚಾರಿಸಿದಾಗ ಮಾವ ಅದನ್ನೇ ಹೇಳಿದ್ದರು. ಮಗುವಿಗೆ ಮನೆಯಲ್ಲಿ ದಿನಾ ಕಿವಿಗೆ ಬೀಳುವ ಮಾತೇ ಇರಲಿ ಎಂದು ಟೀಚರ್ ಅದನ್ನು ಹಾಡಿನ ಕೊನೆಗೆ ಇಟ್ಟರು.

ಆ ಮಾತು ಬಂದ ದಿನ ನಾನಿರಲಿಲ್ಲ. ಮಾವ ಇದ್ದರು, ಆದರೆ ಅವರಿಗೆ ಕೇಳಿಸಲಿಲ್ಲ. ಬಾಗಿಲು ತೆರೆದು ಟೀಚರ್ ಅಳುತ್ತ ಬಂದದ್ದು ನೋಡಿ, ಮೊಮ್ಮಗಳು ಕಚ್ಚಿಬಿಟ್ಟಳೇನೋ ಎಂದು ಹೆದರಿದರಂತೆ. ಟೀಚರ್ ಅವರ ಕಿವಿಯ ಹತ್ತಿರ ಬಗ್ಗಿ ಕೂಗಿ ಹೇಳಿದರಂತೆ. ಸಂಜೆ ಮಾವ ನನಗೆ ಹೇಳಿದಾಗ ನಾನು ನಂಬಲಿಲ್ಲ. ಮರುವಾರ ರಜೆ ಹಾಕಿ ಹೋಗಿ ಕೂತೆ. ಟೀಚರ್ 'ಹೋಗಿ, ಹೋಗಿ, ಹೋಗಿ' ಎಂದು ನಿಲ್ಲಿಸಿದರು. ನನ್ನ ಮಗಳು ಚಾಪೆಯ ಅಂಚನ್ನು ನೋಡುತ್ತ, ಸರಿಯಾದ ಸ್ವರದಲ್ಲಿ, "ಬತ್ತೀ" ಎಂದಳು. ಹುಟ್ಟಿದಾಗಿನಿಂದ ಅವಳು ಅಮ್ಮ ಅಂದಿರಲಿಲ್ಲ. ಅಂದಿಲ್ಲವಲ್ಲ ಎಂಬ ಕೊರಗು ಆ ಹೊತ್ತಿನಲ್ಲಿ ನನಗೆ ನೆನಪೂ ಆಗಲಿಲ್ಲ. ಕುಂಕುಮವೆಲ್ಲ ಕದಡುವ ಹಾಗೆ ಅತ್ತೆ.

ಟೀಚರ್ ಒಂದೇ ಒಂದು ಷರತ್ತು ಹಾಕಿದ್ದರು. ಈ ಹಾಡು ಈ ಕೋಣೆಯಲ್ಲೇ ಇರಲಿ, ಮನೆಯಲ್ಲಿ ಹಾಡಬೇಡಿ ಎಂದಿದ್ದರು. ಮಾವ ಅದಕ್ಕೆ ತಲೆಯಾಡಿಸಿದ್ದರು. ಕೇಳಿಸದಿದ್ದರೂ ತಲೆಯಾಡಿಸುವುದು ಅವರ ಅಭ್ಯಾಸ. ನಾನು ಕ್ಲಾಸಿನಲ್ಲಿ ಕೇಳಿ ಬಂದ ಮರುದಿನವೇ ಹಾಡು ನಮ್ಮ ಗೇಟಿಗೆ ಬಂತು.

ಅದಕ್ಕೆ ಮುಂಚೆ ನಾನು ಬೆಳಗ್ಗೆ ಮನೆ ಬಿಡುವುದೆಂದರೆ ಒಂದು ಯುದ್ಧ. ಮಗಳು ಗೇಟಿನ ಸರಳಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು, ನನ್ನ ಚೂಡಿದಾರದ ವೇಲು ಹಿಡಿದು ನೆಲದ ಮೇಲೆ ಎಳೆಸಿಕೊಂಡು ಬರುತ್ತಿದ್ದಳು. ಬಿಡಿಸಿಕೊಂಡು ಓಡುವಾಗ ನನ್ನ ಮುಂಗೈಯಲ್ಲಿ ಅವಳ ಹಲ್ಲಿನ ಗುರುತು. ಅತ್ತಿಗುಪ್ಪೆ ಸ್ಟೇಷನ್ನಿನಲ್ಲಿ ಲಿಫ್ಟಿನ ಕನ್ನಡಿ ನೋಡಿ ಕಣ್ಣು ಒರೆಸಿಕೊಂಡು ಆಫೀಸಿಗೆ ಹೋಗುವವಳು ನಾನು. ಅವತ್ತು ಮಾವ ಗೇಟಿನ ಹತ್ತಿರ ಕೂತು, ಡೋಲು ಮಲಗಿತು ಎಂದು ಶುರು ಮಾಡಿದರು. ವಾರ ವಾರ ಬಾಗಿಲಾಚೆ ಕೂತು ಅರ್ಧ ಕಿವಿಯಲ್ಲೇ ಹಿಡಿದ ಪದಗಳು, ಸ್ವರದ ಗಂಧಗಾಳಿ ಇರಲಿಲ್ಲ. ತಾಳ ಮಾತ್ರ ಮಗ್ಗದ್ದು, ತಪ್ಪುತ್ತಿರಲಿಲ್ಲ. ಟೀಚರ್ ಒಂದು ದಿನ ಗಂಟಲು ಕಟ್ಟಿ ಶ್ರುತಿ ಇಳಿಸಿ ಹಾಡಿದ್ದಕ್ಕೆ ಕಿವಿ ಮುಚ್ಚಿ ಕಿರುಚಿದ್ದ ಮಗಳು, ತಾತನ ಅಪಸ್ವರವನ್ನು ಪೂರ್ತಿ ಕೇಳಿ, ನನ್ನ ವೇಲು ಬಿಟ್ಟು, "ಬತ್ತೀ" ಎಂದಳು. ನಾನು ನಡೆದುಕೊಂಡು ಹೋದೆ. ಮದುವೆಯಾಗಿ ಆ ಮನೆಗೆ ಬಂದಮೇಲೆ ಅಷ್ಟು ನಿಧಾನವಾಗಿ ನಾನು ಆ ರಸ್ತೆಯಲ್ಲಿ ನಡೆದದ್ದು ಅದೇ ಮೊದಲು.

ಟೀಚರಿಗೆ ಗೊತ್ತಾಗಿ ಅವರು ನನಗೇ ಫೋನ್ ಮಾಡಿದರು. ಸಿಟ್ಟಾಗಲಿಲ್ಲ, ಹೆದರಿದ್ದರು. "ಕೋಣೆ ಒಳಗೆ ನಾನು ಮಾತು ಉಳಿಸ್ಕೋತೀನಿ ಮೇಡಂ, ಮಂಗಳವಾರ ಅಂದ್ರೆ ಮಂಗಳವಾರ. ಹೊರಗೆ ಯಾರು ಉಳಿಸ್ಕೋತಾರೆ? ಆ ಹಾಡು ಹೇಳಿ ಹೋದವ್ರು ಬರ್ಲೇಬೇಕು. ಒಂದ್ಸಲ ಬರ್ಲಿಲ್ಲ ಅಂದ್ರೆ ಅವಳಿಗೆ ಹಾಡೂ ಇಲ್ಲ, ಮಾತೂ ಇಲ್ಲ."

ನಾನು, ಬರದೆ ಎಲ್ಲಿಗೆ ಹೋಗುತ್ತೀವಿ ಮಿಸ್ ಎಂದೆ. ಬರೀ ಮಾತಿಗೆ ಅಂದದ್ದಲ್ಲ, ಹಾಗೇ ನಡೆದುಕೊಂಡೆವು. ಎರಡು ವರ್ಷ ನಮ್ಮ ಮನೆಯವರು ಯಾರೂ ಹಾಡದೆ ಹೊರಡಲಿಲ್ಲ, ಹಾಡಿ ಹೊರಟವರು ಅವತ್ತೇ ಬರದೆ ಇರಲಿಲ್ಲ. ನನ್ನ ಗಂಡ ಹುಬ್ಬಳ್ಳಿಯ ಕೆಲಸವೊಂದನ್ನು ಬೇರೆಯವರಿಗೆ ದಾಟಿಸಿದರು. ಒಂದು ಸಂಜೆ ಮೆಟ್ರೋ ಕೆಟ್ಟು ನಿಂತಾಗ ನಾನು ಮೆಜೆಸ್ಟಿಕ್‌ನಿಂದ ಸಿಕ್ಕ ಬಸ್ಸು ಹತ್ತಿ, ವಿಜಯನಗರದಲ್ಲಿ ಇಳಿದು, ಚಪ್ಪಲಿ ಕಿತ್ತುಹೋದರೂ ನಿಲ್ಲದೆ ಮನೆ ಸೇರಿದೆ. ಮಗಳು ಗೇಟಿನ ಒಳಗೆ, ಅವಳ ಪಕ್ಕದಲ್ಲಿ ಮಾವ, ಇಬ್ಬರೂ ರಸ್ತೆ ನೋಡುತ್ತ ಕೂತಿದ್ದರು. ಇದು ಬಂಧನ ಎಂದು ಆಫೀಸಿನವರು ನನ್ನನ್ನು ನೋಡಿ ಅಯ್ಯೋ ಎಂದರು. ಹೇಳಿದ ಹೊತ್ತಿಗೆ ಮನೆಗೆ ಹೋಗುವುದು ಬಂಧನವಾದರೆ ಆಗಲಿ, ನನಗೆ ಅದರಲ್ಲಿ ಸುಖವಿತ್ತು.

ಹೋದ ಮಳೆಗಾಲ ಮಾವನ ಎದೆ ಕೈಕೊಟ್ಟಿತು. ನಾಲ್ಕು ಹೆಜ್ಜೆಗೆ ಏದುಸಿರು. ಒಂದು ಬೆಳಗ್ಗೆ ತುಟಿ ನೀಲಿಯಾಗಿದ್ದು ನೋಡಿ ಗಂಡ ಕಾರು ತರಿಸಿದರು. ಇಬ್ಬರು ಹಿಡಿದು ಕೂರಿಸಿದರೂ ಮಾವ ಬಾಗಿಲು ಹಾಕಲು ಬಿಡಲಿಲ್ಲ. ಗೇಟಿನಲ್ಲಿ ನಿಂತ ಮೊಮ್ಮಗಳ ಕಡೆ ತಿರುಗಿ, ಉಸಿರು ಸಿಕ್ಕಷ್ಟು ಸಿಕ್ಕಷ್ಟು, ಹಾಡತೊಡಗಿದರು. ಬೇಡ ಮಾವ ಎಂದು ನನ್ನ ಬಾಯಿಗೆ ಬಂದಿತ್ತು. ಅವರ ಸ್ಥಿತಿ ನೋಡಿದರೆ ಇವತ್ತು ಬರುವವರ ಹಾಗಿರಲಿಲ್ಲ. ಹಾಡಬೇಡಿ, ಹಾಡಿದರೆ ಬರಬೇಕಾಗುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ಹೇಳಿದ್ದರೆ ಅದು, ನೀವು ಬರುವುದಿಲ್ಲ ಎಂದ ಹಾಗೇ. 'ಹೋಗಿ, ಹೋಗಿ' ಎಂದು ಎರಡೇ ಸಲ ಆಯಿತು, ಮೂರನೆಯದಕ್ಕೆ ಉಸಿರು ಸಾಲಲಿಲ್ಲ. ಮಗಳು ಆ ಮೂರನೆಯದನ್ನು ಕಾದಳು. ಅದು ಬರದಿದ್ದಾಗ, ಬಂದಿತೆಂದೇ ಇಟ್ಟುಕೊಂಡು "ಬತ್ತೀ" ಎಂದಳು.

ಮಾವ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಅವಳು ಗೇಟು ಬಿಡಲಿಲ್ಲ. ಸ್ಕೂಲಿನ ವ್ಯಾನು ಬಂದು ಹಾರ್ನ್ ಹೊಡೆದು ಹೋಗುತ್ತಿತ್ತು. ಅನ್ನದ ತಟ್ಟೆಯನ್ನು ನಾನು ಅಲ್ಲಿಗೇ ಒಯ್ಯುತ್ತಿದ್ದೆ. ಮೂಗಿನ ರಾಗವೂ ನಿಂತುಹೋಗಿತ್ತು. ಒಂದು ಬೆಳಗ್ಗೆ ಆಂಬುಲೆನ್ಸ್ ಬಂದು ನಿಂತು, ತಾತನನ್ನು ಇಳಿಸಿದರು. ಸುತ್ತ ಎಲ್ಲರೂ ಅಳುತ್ತಿದ್ದಾಗ ನನ್ನ ಮಗಳು ತುದಿಗಾಲಲ್ಲಿ ಓಡಾಡಲು ಶುರು ಮಾಡಿದಳು. ಮೂಗಿನಲ್ಲಿ ಅದೇ ಖುಷಿಯ ರಾಗ. ನೋಡಿದವರು ಮಗುವಿಗೆ ಏನೂ ತಿಳಿಯುವುದಿಲ್ಲ, ಪಾಪ ಎಂದರು. ತಿಳಿಯದೆ ಏನು? ಹಾಡಿ ಹೋಗಿದ್ದ ತಾತ ಬಂದಿದ್ದರು. ಅವಳ ಮಟ್ಟಿಗೆ ಅವರು ಮಾತು ಉಳಿಸಿಕೊಂಡಿದ್ದರು.

ಕೆಂಗೇರಿಯಿಂದ ನನ್ನ ಗಂಡನ ಅಕ್ಕ ಬಂದರು. ಇವರ ಬಗ್ಗೆ ಹೇಳಲೇಬೇಕು. ಮಗಳಿಗೆ ಆಟಿಸಂ ಎಂದಾಗ ನಮ್ಮ ಬಂಧುಗಳಲ್ಲಿ ನನಗೆ ಒಂದು ಕೊಂಕು ಮಾತನ್ನೂ ಆಡದೆ ಇದ್ದವರು ಇವರೊಬ್ಬರೇ. ಮಗಳ ಉಗುರು ಕತ್ತರಿಸಲು, ತಲೆಗೆ ಎಣ್ಣೆ ಹಚ್ಚಲು ಆಗುತ್ತಿದ್ದದ್ದು ಇವರ ಕೈಯಿಂದ ಮಾತ್ರ. ಅಪ್ಪನಿಗೆ ತಮಟೆ ಬೇಕೇ ಬೇಕು ಎಂದು ಹಟ ಹಿಡಿದರು. ಮಗು ಆ ಸದ್ದು ತಡೆಯುವುದಿಲ್ಲ ಎಂದು ನಾನು ಹೇಳಿದಾಗ, ತಾವೇ ಹೋಗಿ ತಮಟೆಯವರನ್ನು ರಸ್ತೆಯ ತಿರುವಿನಲ್ಲಿ ನಿಲ್ಲಿಸಿ ಬಂದರು. ಅಳುವಿನ ನಡುವೆ ಅಷ್ಟು ಯೋಚನೆ ಅವರಿಗಿತ್ತು.

ಚಟ್ಟ ಎತ್ತುವ ಹೊತ್ತಾಯಿತು. ಗಂಡಸರು ಸುತ್ತ ನಿಂತು ಬಗ್ಗಿದರು. ಮಗಳಿಗೆ ಗೊತ್ತಾಯಿತು, ತಾತ ಮತ್ತೆ ಹೊರಡುತ್ತಿದ್ದಾರೆ. ಬಾಗಿಲ ಹತ್ತಿರ ಬಂದು ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಹಾಡು ಯಾರೂ ಎತ್ತಲಿಲ್ಲ. ಎತ್ತುವವರೇ ಮಲಗಿದ್ದರು. ಅವರನ್ನು ಹೊಸ್ತಿಲು ದಾಟಿಸುವಾಗ ಅವಳೇ ಶುರು ಮಾಡಿದಳು. ಪದಗಳು ಮುರಿದಿದ್ದವು, 'ಡೋಲು' ಎಂಬುದು ಬರೀ 'ಓಉ' ಆಗಿತ್ತು. ಆದರೆ ಸ್ವರ ತಾತನದಲ್ಲ, ಟೀಚರದ್ದು, ಒಂದಿಷ್ಟೂ ಜಾರದ ಸ್ವರ. ಇಡೀ ಹಾಡನ್ನು ಅವಳು ಹಾಡಿದ್ದು ಅದೇ ಮೊದಲು. 'ಓಗಿ, ಓಗಿ, ಓಗಿ' ಎಂದು ನಿಲ್ಲಿಸಿ, ತಾತನ ಮುಖ ನೋಡುತ್ತ ಕಾದಳು. ಟೀಚರ್ ಅವಳಿಗಾಗಿ ಕಾದ ಹಾಗೆ ಅವಳು ತಾತನಿಗಾಗಿ ಕಾದಳು. ಆಮೇಲೆ ತಾನೇ ಹೇಳಲು ಬಾಯಿ ತೆರೆದು "ಬ" ಎಂದಳು. ಅಷ್ಟರಲ್ಲಿ ಗಂಡನ ಅಕ್ಕ ಓಡಿಬಂದು ಅಂಗೈಯಿಂದ ಅವಳ ಬಾಯಿ ಮುಚ್ಚಿದರು. ಬಿಗಿಯಾಗಿ ಮುಚ್ಚಿದರು. "ಅನ್ಬಾರ್ದು ಮಗ್ಳೇ, ಅನ್ಬಾರ್ದು."

ಮಗಳು ಕಿರುಚಲಿಲ್ಲ, ಕಚ್ಚಲಿಲ್ಲ. ಅಕ್ಕನ ಕೈಯ ಮೇಲಿಂದ ಅವಳ ಕಣ್ಣುಗಳು ಗೇಟು ದಾಟುತ್ತಿದ್ದ ತಾತನನ್ನು ನೋಡುತ್ತಿದ್ದವು. ತಿರುವಿನಲ್ಲಿ ತಮಟೆ ಶುರುವಾಯಿತು.

ಗಂಡಸರು ಹೋದ ಮೇಲೆ, ಮನೆ ತೊಳೆಯುವ ಮುಂಚೆಯೇ ನಾನು ಅಕ್ಕನ ಮೇಲೆ ಬಿದ್ದೆ. ಅವಳಿಗಿದ್ದದ್ದು ಅದೊಂದೇ ಮಾತು ಅಕ್ಕಾ, ಅದನ್ನೂ ಒತ್ತಿ ಹಿಡಿದಿರಲ್ಲ ಎಂದೆ. ಹೇಳಬಾರದ್ದನ್ನೂ ಹೇಳಿದೆ. ಅವರು ತಿರುಗಿ ಬೈಯಲಿಲ್ಲ. "ಹೆಣದ ಮುಂದೆ ನಿಂತು ಬರ್ತೀನಿ ಅಂದ್ರೆ ಏನೇ ಅರ್ಥ? ನಿನ್ನ ಹಿಂದೇನೇ ಬರ್ತೀನಿ ಅಂತ ಅಲ್ವಾ? ಅಪ್ಪ ಹೋದ್ರು. ಇವಳೂ ಹೋಗ್ಲಾ?"

ಇಂಥದ್ದೆಲ್ಲ ನಂಬುವುದಿಲ್ಲ ಎಂದು ನಾನು ಆಫೀಸಿನಲ್ಲಿ ಜೋರಾಗಿ ಹೇಳುವವಳೇ. ಆದರೆ ಸಾವಿನ ಮನೆಗೆ ಹೋದಾಗ ನಾನೂ 'ಬರ್ತೀನಿ' ಎನ್ನದೆ ಸುಮ್ಮನೆ ಎದ್ದು ಬಂದವಳೇ. ಎಲ್ಲರೂ ಹಾಗೇ. ಮುಂದಿನ ದಿನಗಳಲ್ಲಿ ನಮ್ಮ ಮನೆಗೂ ಜನ ಬಂದರು, ಕೂತರು, ಮಾತಾಡಿದರು, ಹೊರಡುವಾಗ ಯಾರ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿಕೊಂಡು ಹೋದರು. ಮಗಳು ಗೇಟಿನಲ್ಲಿ ನಿಂತು ಪ್ರತಿಯೊಬ್ಬರ ತುಟಿಯನ್ನೂ ನೋಡುತ್ತಿದ್ದಳು. ಹಾಡೂ ಇಲ್ಲ, ಮಾತೂ ಇಲ್ಲ, ಎಲ್ಲರೂ ಬರೀ ಹೋಗುತ್ತಿದ್ದರು.

ಕಾರ್ಯಗಳೆಲ್ಲ ಮುಗಿದು ನಾನು ಕೆಲಸಕ್ಕೆ ಹೊರಟ ದಿನ ಗೇಟಿನಲ್ಲಿ ಕೂತು, ಡೋಲು ಮಲಗಿತು ಎಂದೆ. ಅವಳ ಅಂಗೈ ಬಂದು ನನ್ನ ಬಾಯಿಯ ಮೇಲೆ ಕೂತಿತು. ಬಿಗಿಯಾಗಿ. ಬಿಡಿಸಿಕೊಂಡು ಮತ್ತೆ ಶುರು ಮಾಡಿದೆ, ಮತ್ತೆ ಮುಚ್ಚಿದಳು. ಮಂಗಳವಾರ ಅರ್ಧ ದಿನ ರಜೆ ಹಾಕಿ ಕ್ಲಾಸಿಗೆ ಕರೆದೊಯ್ದೆ. ಡೋಲು ಬಾರಿಸಿದಳು, ಗೆಜ್ಜೆ ಅಲ್ಲಾಡಿಸಿದಳು. ಕೊನೆಯ ಹಾಡು ಎತ್ತಿದೊಡನೆ ಟೀಚರ್ ಬಾಯಿಗೂ ಅಂಗೈ. ಕ್ಲಾಸು ಮುಗಿಸಲು ದಾರಿಯೇ ಇಲ್ಲದೆ, ಮುಂದಿನ ಮಗು ಹೊರಗೆ ಕಾಯುತ್ತಿರುವಾಗ, ನಾವಿಬ್ಬರೂ ಅವಳನ್ನು ಎತ್ತಿ ಮೆಟ್ಟಿಲು ಇಳಿಸಿದೆವು. ಹನ್ನೊಂದು ವರ್ಷದ ಹುಡುಗಿಯನ್ನು ಎತ್ತುವುದು ಸುಲಭವಲ್ಲ. ವಾರ ವಾರವೂ ಇದೇ ಆಯಿತು.

ಅವಳಿಗೆ ಏನು ಅರ್ಥವಾಗಿದೆ ಮಿಸ್ ಎಂದು ಕೇಳಿದೆ. ತಾತ ಇಲ್ಲ ಎಂಬುದು ತಿಳಿದಿದೆಯೇ, ಅಥವಾ ಆ ಮಾತು ಆಡಬಾರದ ಮಾತು ಎಂದಷ್ಟೇ ಕಲಿತಿದ್ದಾಳೆಯೇ? ನನಗೂ ಗೊತ್ತಿಲ್ಲ ಮೇಡಂ ಎಂದರು ಅವರು. ಗೊತ್ತಿಲ್ಲ ಎನ್ನುವ ಟೀಚರನ್ನು ನಾನು ನಂಬುತ್ತೇನೆ. ಮನೆಯಲ್ಲಿ ಆಗಲೇ ನನ್ನ ಗಂಡ ಅವಳಿಗೆ, ತಾತ ಊರಿಗೆ ಹೋಗಿದ್ದಾರೆ ಎಂದು ಹೇಳಲು ಶುರು ಮಾಡಿದ್ದರು. ಅದನ್ನು ಕೇಳಿ ಟೀಚರ್ ಬೇಡ ಎಂದರು. "ಊರಿಗೆ ಅಂದ್ರೆ ವಾಪಸ್ ಬರ್ತಾರೆ ಅಂತ ಕಾಯ್ತಾನೇ ಇರ್ತಾಳೆ. ಬರಲ್ಲ ಅಂತ ಹೇಳ್ಬೇಕು. ನೀವೇ ಹೇಳ್ಬೇಕು, ಮನೇಲಿ ಹೇಳ್ಬೇಕು." ನಾನು ಹೂಂ ಎಂದೆ. ಬರುವುದಿಲ್ಲ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರ ಬಗ್ಗೆಯೂ ಯಾರೂ ಆಡಿದ್ದಿಲ್ಲ. ದಿನಾ ಬಾಯಿವರೆಗೆ ಬಂದು ಒಳಗೆ ಹೋಗುತ್ತ ಹೋಗುತ್ತ ಒಂದು ತಿಂಗಳು ಕಳೆಯಿತು.

ಮಾವನಿಗೆ ಇಡುವ ತಿಂಗಳ ಎಡೆಗೆ ಗಂಡನ ಅಕ್ಕ ಬಂದರು. ಮಗಳು ಅವರಿಂದ ದೂರ ಹೋಗಲಿಲ್ಲ, ತಲೆಗೆ ಎಣ್ಣೆ ಹಚ್ಚಿಸಿಕೊಂಡಳು. ಮಧ್ಯಾಹ್ನ ಹೊರಡುವಾಗ ಗೇಟಿನ ಹತ್ತಿರ ಅವರು ಅಭ್ಯಾಸಬಲದಿಂದ, "ಹೋಗಿ ಬರ್ತೀನಿ ಕಣೇ ಮಗ್ಳೇ" ಎನ್ನಲು ಹೋದರು. ಮಗಳ ಅಂಗೈ ಅವರ ಬಾಯಿಯ ಮೇಲೆ ಬಿತ್ತು. ಹೆಬ್ಬೆರಳು ಒಂದು ಕೆನ್ನೆಗೆ, ನಾಲ್ಕು ಬೆರಳು ಇನ್ನೊಂದಕ್ಕೆ, ಅವತ್ತು ಅವರು ಹಿಡಿದಿದ್ದ ಹಾಗೇ. ನಾನು ಇದನ್ನು ಅವರಿಗೆ ಹೇಳಿರಲಿಲ್ಲ. ಅವರು ಆ ಕೈಯನ್ನು ಬಿಡಿಸಿಕೊಳ್ಳಲೇ ಇಲ್ಲ. ಕಣ್ಣು ತುಂಬಿ ಅದರ ಮೇಲೆ ಹರಿಯಿತು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಬರ್ತೀನಿ ಅನ್ನಕ್ಕೆ ಬಿಡಲ್ಲ, ಅನ್ನದೆ ಅಪ್ಪನ ಮನೆಯಿಂದ ಹೆಂಗೇ ಹೋಗ್ಲಿ?" ಅವತ್ತು ಅವರು ಹೋಗಲಿಲ್ಲ.

ಮರುದಿನ ಬೆಳಗ್ಗೆ ನಾನೂ ಅವರೂ ಒಟ್ಟಿಗೇ ಹೊರಟೆವು. ಗೇಟಿನಲ್ಲಿ ಮಗಳು ನಿಂತಿದ್ದಳು. ಪಕ್ಕದ ರಸ್ತೆಯಿಂದ ಅವಳನ್ನು ನೋಡಿಕೊಳ್ಳಲು ಬರುವ ಆಂಟಿ ಹಿಂದೆ ನಿಂತಿದ್ದರು. ನಾನು ಮಂಡಿಯೂರಿ ಕೂತೆ. ಹಾಡಲಿಲ್ಲ. ಆದರೂ ಅವಳ ಕೈ ನನ್ನ ಬಾಯಿಗೆ ಬಂತು. ಆ ಕೈಯ ಹಿಂದಿನಿಂದಲೇ ಹೇಳಿದೆ. "ತಾತ ಬರಲ್ಲ ಕಣೇ. ತಾತ ಸತ್ತೋದ್ರು. ಇನ್ನು ಬರಲ್ಲ."

ಪಕ್ಕದಲ್ಲಿ ನಿಂತಿದ್ದ ಅಕ್ಕನ ಕೈ ಮೇಲೆದ್ದು ನನ್ನ ಮುಖದ ಕಡೆ ಬಂದದ್ದು ನನಗೆ ಕಾಣಿಸಿತು. ಅರ್ಧಕ್ಕೆ ಬಂದು ನಿಂತು, ಕೆಳಗಿಳಿಯಿತು. ಮಗಳು ನನ್ನ ಮುಖ ನೋಡುವವಳಲ್ಲ. ನನ್ನ ಕಿವಿಯ ಓಲೆ ನೋಡುತ್ತ ನಿಂತಿದ್ದಳು. "ಅಮ್ಮ ಬರ್ತೀನಿ" ಎಂದೆ. ಕೈ ಸಡಿಲವಾಗಲಿಲ್ಲ. ಆಗ ನನಗೆ ತೋಚಿದ್ದನ್ನು ಹೇಳಿದೆ. "ಇವತ್ತು ಬರ್ತೀನಿ. ಇವತ್ತು ಸಾಯಂಕಾಲ." ಸ್ವಲ್ಪ ಹೊತ್ತಿನ ಮೇಲೆ ಕೈ ಇಳಿಯಿತು. ಅಕ್ಕ ಬಗ್ಗಿ, ಅವಳ ಕೂದಲು ಸರಿಮಾಡಿ, ನಾನು ಇವತ್ತು ಬರಲ್ಲ ಮಗ್ಳೇ, ಶನಿವಾರ ಬರ್ತೀನಿ ಎಂದರು. ಬರಲ್ಲ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಅವತ್ತೇ ಕೇಳಿದ್ದು. ಶನಿವಾರ ಬಂದರು ಕೂಡ.

ಹೇಳಿದ ಹಾಗೆ ಅವತ್ತು ಸಂಜೆಯೇ ನಾನೂ ಬಂದಿದ್ದೆ. ಮಗಳು ಗೇಟಿನ ಒಳಗಿದ್ದಳು. ನನ್ನ ತುಟಿಯನ್ನು ಬೆರಳಿಂದ ಮುಟ್ಟಿ ನೋಡಿ ಒಳಗೆ ಹೋದಳು. ಅವಳ ಮಾತು ಇನ್ನೂ ವಾಪಸು ಬಂದಿಲ್ಲ. ಟೀಚರ್ ಈಗ ಆ ಹಾಡನ್ನು ಹಾಡುವುದಿಲ್ಲ. ಕ್ಲಾಸಿನ ಕೊನೆಗೆ ಡೋಲನ್ನು ಮಡಿಲಲ್ಲಿಟ್ಟುಕೊಂಡು, ಮಂಗಳವಾರ ಎಂದಷ್ಟೇ ಹೇಳಿ ಕಾಯುತ್ತಾರೆ. ನಾನು ದಿನಾ ಗೇಟಿನಲ್ಲಿ ಮಂಡಿಯೂರಿ, ಇವತ್ತು ಬರ್ತೀನಿ ಎನ್ನುತ್ತೇನೆ. ಬರೀ 'ಬರ್ತೀನಿ' ಎನ್ನಲು ನನಗೆ ಈಗ ಬಾಯಿ ಬರುವುದಿಲ್ಲ. ಮಾವನ ಬಗ್ಗೆ ಹೇಳಬೇಕಾದದ್ದನ್ನು ಹೇಳಲು ನಾನಿದ್ದೆ. ಅಮ್ಮ ಬರಲ್ಲ ಎಂದು ಒಂದು ದಿನ ಇದೇ ಗೇಟಿನಲ್ಲಿ ಯಾರೋ ಅವಳ ಮುಂದೆ ಕೂತು ಹೇಳಬೇಕಾಗುತ್ತದೆ. ಅದು ಯಾರು ಎಂದು ನನಗಾಗಲಿ ನನ್ನ ಗಂಡನಿಗಾಗಲಿ ಗೊತ್ತಿಲ್ಲ.